ವನಮಾಲಾ ಅತ್ಯಾ ಮತ್ತು ಹೊಸ ಗಾಡಿಗಳು

ಧಪ್. ಗೋದಾಮಿನಲ್ಲಿ ತೊಗರಿ ಚೀಲ ಇಳಿಸಿದ ಹಾಗೆ, ತುಂಬಿದ, ಒಂದೇ ಸದ್ದು. ನಮ್ಮ ವನಮಾಲಾ ಅತ್ಯಾ ತನ್ನ ಫಿಯಟ್ ಕಾರಿನ ಬಾಗಿಲು ಹಾಕಿದಳೆಂದರೆ ಒಳಗೆ ಚಹಾಕ್ಕೆ ನೀರಿಡುತ್ತಿದ್ದರು.

ಅತ್ಯಾ ಎಂದರೆ ನಮ್ಮಪ್ಪನ ಅಕ್ಕ. ಸಣ್ಣ ವಯಸ್ಸಿಗೇ ಗಂಡ ತೀರಿಕೊಂಡು, ಅವನ ಕಾರಿನೊಂದಿಗೆ ತವರಿಗೆ ಬಂದವಳು. ಎಂಬತ್ತರ ದಶಕದ ಗುಲಬರ್ಗಾದಲ್ಲಿ ಕಾರು ಹೊಡೆಯುವ ಹೆಂಗಸರೇ ಅಪರೂಪ. ಕಚ್ಚೆ ಸೀರೆ ಉಟ್ಟು ಜಗತ್ ಸರ್ಕಲ್ಲಿನಲ್ಲಿ ಲಾರಿಯವನಿಗೆ ಉರ್ದುವಿನಲ್ಲಿ ಬೈಯುತ್ತ ಗಾಡಿ ತಿರುಗಿಸುವವಳು ಇವಳೊಬ್ಬಳೇ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಡಿಗ್ನಿಟಿ ಎಂಬ ಪದ ಕಲಿಸಿದಾಗ ನನ್ನ ಕಣ್ಣಿಗೆ ಬಂದದ್ದು ಸ್ಟಿಯರಿಂಗ್ ಹಿಂದೆ ಕೂತ ಅತ್ಯಾಳ ನೆಟ್ಟನೆಯ ಬೆನ್ನು.

ಆಗಷ್ಟೇ ಊರಿಗೆ ಹೊಸ ನಮೂನೆಯ ಸಣ್ಣ, ಹಗುರ ಕಾರುಗಳು ಬರತೊಡಗಿದ್ದವು. ಪರಿಚಯದವರು ಯಾರೇ ಗಾಡಿ ಕೊಂಡರೂ ಪೂಜೆಗೆ ಮುಂಚೆ ನಮ್ಮ ಅಂಗಳಕ್ಕೆ ತರುತ್ತಿದ್ದರು. ಅತ್ಯಾ ಸುತ್ತು ಹಾಕಿ, ಬಾನೆಟ್ ಎತ್ತಿ ಮೂಸಿ, ಗಾಲಿಯ ಒಳಮಗ್ಗುಲು ಬಗ್ಗಿ ನೋಡಿ, ಕಡೆಗೆ ಒಂದೊಂದೇ ಬಾಗಿಲು ಬಡಿದು ಕಿವಿಗೊಡುವಳು. ಆಮೇಲೆ ವರ್ಡಿಕ್ಟ್. ಬಹಳಷ್ಟು ಸಲ ಅದು ಒಂದೇ: “ಓಡ್ತದ ಛಂದ. ಓಡೂದನ್ನ ಎಲ್ಲಾರೂ ಹೇಳ್ತಾರ. ನಿಲ್ತದೇನು, ಅದನ್ನ ಹೇಳ್ರಿ.”

ಕಾಳಿನ ಪೇಟೆ ನೆಹರು ಗಂಜಿನ ಸಾಹುಕಾರ ಬಸಣ್ಣ ತನ್ನ ಬಿಳಿ ಗಾಡಿ ತಂದ ದಿನ ನಾನೂ ಅಲ್ಲೇ ಇದ್ದೆ.

“ಅಕ್ಕಾರ, ಬಂಗಾರದಂಥಾ ಗಾಡಿ. ಹ್ಞೂಂ ಅನ್ರಿ ಸಾಕು.”

ಅತ್ಯಾ ಬಾಗಿಲು ಬಡಿದಳು. ಟಣ್ ಎಂದಿತು.

“ಬಂಗಾರಲ್ರೀ ಸಾಹುಕಾರ್ರ, ಎಣ್ಣಿ ಡಬ್ಬಿ. ನಿಮ್ಮನ್ನ ಒಯ್ಯೂದು ಖರೆ, ತಿರುಗಿ ತರ್ತದಂತ ನಾ ಹೇಳೂದಿಲ್ಲ.”

“ಮೊದಲ ಚಹಾ ಕುಡಸ್ರಿ, ಆಮ್ಯಾಲ ಕೊಲ್ಲೀರಂತ!” ಎಂದು ಬಸಣ್ಣ ಹೊಟ್ಟೆ ಕುಣಿಸಿ ನಕ್ಕ.

ತಿಂಗಳೊಳಗೆ ಹುಮನಾಬಾದ್ ರಸ್ತೆಯಲ್ಲಿ ಅವನ ಗಾಡಿ ಪಲ್ಟಿಯಾಯಿತು. ಬಸಣ್ಣ ತಿರುಗಿ ಬರಲಿಲ್ಲ. ಎದುರಿಗೆ ಎಮ್ಮೆ ಬಂದಿತ್ತಂತೆ, ವೇಗವೂ ವಿಪರೀತವಂತೆ. ಆದರೆ ಗಂಜಿನ ತುಂಬ ಓಡಾಡಿದ್ದು ಒಂದೇ ಮಾತು: ಆ ಮುದುಕಿಯದು ಕರಿನಾಲಿಗೆ, ಅಂದದ್ದು ಆಗುತ್ತದೆ. ಸೂಪರ್‌ಸ್ಟಿಷನ್, ಪ್ಯೂರ್ ಅಂಡ್ ಸಿಂಪಲ್, ಎಂದು ನಾನು ವಾದ ಮಾಡಿದೆ. ಯಾರು ಕೇಳಬೇಕು? ಅಂಗಳಕ್ಕೆ ಗಾಡಿ ಬರುವುದು ನಿಂತಿತು. ಹೊಸ ಕಾರಿನವರು ನಮ್ಮ ಮನೆ ತಪ್ಪಿಸಿ ಹಿಂದಿನ ಓಣಿಯಿಂದ ಹೋಗತೊಡಗಿದರು. ಎದುರು ಮನೆಯವರಂತೂ ತಮ್ಮ ಕಾರಿಗೆ ಹಗಲಲ್ಲೇ ತಾಡಪತ್ರಿ ಹೊದಿಸಿದರು, ಕೂಸಿಗೆ ದೃಷ್ಟಿಯಾಗದಂತೆ ಸೆರಗು ಮುಚ್ಚುತ್ತಾರಲ್ಲ, ಹಾಗೆ.

“ನಾ ಗಾಡೀಗೆ ಅಂದಿದ್ದೆ. ಮನಷ್ಯಾಗಲ್ಲ,” ಎಂದಳು ಅತ್ಯಾ ಒಮ್ಮೆ, ಅಕ್ಕಿ ಆರಿಸುತ್ತ, ಯಾರಿಗೆಂದಿಲ್ಲದೆ. ಆಮೇಲೆ ಕಾರಿನ ಸುದ್ದಿಯನ್ನೇ ಎತ್ತಲಿಲ್ಲ. ಕಣ್ಣಿಗೆ ಪೊರೆ ಬಂದು ಫಿಯಟ್ಟೂ ಹೋಯಿತು.

ಕೆಲವು ವರ್ಷಗಳಾದ ಮೇಲೆ ನನ್ನ ತಮ್ಮ ರಘುವಿನ ಮದುವೆಯಾಯಿತು. ಹೆಂಡತಿ ಸುಮಾಳ ತವರು ಕಮಲಾಪುರ. ಮೊದಲ ಸಲ ಅಲ್ಲಿಗೆ ಹೊಸ ಕಾರಿನಲ್ಲೇ ಹೋಗಬೇಕೆಂಬ ಹುಮ್ಮಸ್ಸು ಅವನಿಗೆ. ಮುಂಜಾನೆ ಅಂಗಳದಲ್ಲಿ ಪೂಜೆ. ಅದಕ್ಕೂ ಮುಂಚೆ ಅಪ್ಪ ಅತ್ಯಾಳ ಮುಂದೆ ನಿಂತು ಕೈಮುಗಿದ. “ಅಕ್ಕಾ, ಇವತ್ತೊಂದಿನ ಏನೂ ಅನಬ್ಯಾಡ.” ಅತ್ಯಾ ತಲೆಯಾಡಿಸಿ ದೇವರ ಕೋಣೆಗೆ ಹೋಗಿ ಕೂತಳು.

ಕಾಯಿ ಒಡೆದರು, ನಾಲ್ಕೂ ಗಾಲಿಗೆ ಕಾಯಿನೀರು ಹಾಕಿದರು, ನಿಂಬೆಹಣ್ಣು ತುಳಿಸಿದರು. ಗಡಿಬಿಡಿಯಲ್ಲಿ ಆರತಿಯ ಎಣ್ಣೆಯೂ ಚೆಲ್ಲಿತು. ಎಲ್ಲ ಮುಗಿದ ಮೇಲೆ ಅತ್ಯಾ ಹೊರಗೆ ಬಂದಳು. ಹಳೆಯ ರೂಢಿ, ಹಿಂದಿನ ಗಾಲಿಯ ಹತ್ತಿರ ಬಗ್ಗಿದಳು. ಒಳಮಗ್ಗುಲಿನ ಹಸಿಗೆ ಬೆರಳು ಹಚ್ಚಿ ಮೂಸಿದಳು.

“ರಘು, ಇದು ಬ್ರೇಕಿನ ಎಣ್ಣಿ ಇದ್ದಂಗದ. ತೋರಿಸ್ಕೊಂಡ ಹೋಗಪ್ಪಾ.”

“ಕಾಯಿನೀರದು ಅತ್ಯಾ. ಆರತಿ ಎಣ್ಣಿನೂ ಚೆಲ್ಲೇದ. ಶೋರೂಮಿಂದ ನಿನ್ನೆ ಬಂದ ಗಾಡಿ!”

“ಅಕ್ಕಾ,” ಎಂದ ಅಪ್ಪ. ಅಷ್ಟೇ.

ಅತ್ಯಾ ಇನ್ನೊಮ್ಮೆ ಮೂಸಿದಳು. ಬೆರಳಿನಲ್ಲಿ ಕುಂಕುಮ, ಕಾಯಿನೀರು, ಎಣ್ಣೆ ಎಲ್ಲ ಕಲಸಿತ್ತು. “ಮೂಗಿಗೂ ವಯಸ್ಸಾಗ್ಯದ,” ಎಂದು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ತಿರುಗಿ ಬಂದಾಗ ಕಾಲಲ್ಲಿ ಚಪ್ಪಲಿ. ಊರು ಬಿಟ್ಟು ಹೊರಗೆ ಹೋಗದೆ ಎಷ್ಟೋ ವರ್ಷವಾಗಿದ್ದವಳು.

“ಸುಮಾ, ನೀ ಹಿಂದ ಕೂಡು. ಮುಂದ ನಾ ಕೂಡ್ತೀನಿ. ನಾನೂ ಬೀಗರ ಮನಿ ನೋಡ್ತೀನಿ.”

ನನ್ನ ಬದಿಯಿಂದ ಹಾಯುವಾಗ ಮೆಲ್ಲಗೆ ಹೇಳಿದಳು: “ನಾ ಬಾಜೂಕ ಇದ್ರ ಅವಾ ಸಾವಕಾಶ ಹೊಡೀತಾನ.”

ಕಮಲಾಪುರ ಇನ್ನೇನು ಬಂತೆನ್ನುವಾಗ ಒಂದು ಇಳಿಜಾರಿನಲ್ಲಿ ಬ್ರೇಕು ಹತ್ತಲಿಲ್ಲ. ದಾರಿಯುದ್ದಕ್ಕೂ ಅತ್ಯಾ ಸಾವಕಾಶ, ಸಾವಕಾಶ ಎನ್ನುತ್ತಲೇ ಇದ್ದಳಂತೆ, ಹಾಗಾಗಿ ಗಾಡಿ ಉರುಳಲಿಲ್ಲ. ಎಡಕ್ಕೆ ಹೊರಳಿ ಬೇವಿನ ಮರಕ್ಕೆ ಬಡಿಯಿತು. ಸುಮಾಳ ತೋಳು ಮುರಿಯಿತು, ರಘುವಿನ ಹಣೆಗೆ ಹೊಲಿಗೆ ಬಿತ್ತು. ಮರ ತಾಗಿದ್ದು ಅತ್ಯಾ ಕೂತ ಮಗ್ಗುಲಿಗೆ. ಅವಳ ಮಣ್ಣಿಗೆ ಬಂದವರಲ್ಲೇ ಯಾರೋ ಅಂದರು, ಕರಿನಾಲಿಗೆ ಕಡೆಗೆ ಮನೆಯವರನ್ನೂ ಬಿಡಲಿಲ್ಲ ಎಂದು. ಆಮೇಲೆ ಬದುಕಿರುವ ತನಕ ಅಪ್ಪ ಯಾವ ಕಾರೂ ಹತ್ತಲಿಲ್ಲ.

ನಾನು ಅತ್ಯಾಳನ್ನು ಜೀವಂತ ನೋಡಿದ್ದು ಅವತ್ತು ಗೇಟಿನಲ್ಲೇ ಕೊನೆ. ಎಂಜಿನ್ ಚಾಲೂ ಆಗಿತ್ತು. ಹಿಂದಿನ ಸೀಟಿನಿಂದ ಸುಮಾ, ಮೈತುಂಬ ಬಂಗಾರ ಹಾಕಿಕೊಂಡವಳು, ಮುಂದಕ್ಕೆ ಬಾಗಿ ಕೇಳಿದಳು: “ನಮ್ಮ ಗಾಡಿ ಹ್ಯಾಂಗದ್ರೀ ಅತ್ಯಾ? ನೀವು ಏನೂ ಅನ್ಲೇ ಇಲ್ಲ.”

ಅತ್ಯಾ ಕಿಟಕಿಯಿಂದ ಅಪ್ಪನ ಮುಖ ನೋಡಿದಳು. “ಛಂದ ಅದವಾ,” ಎಂದಳು. “ಭಾಳ ಛಂದ ಅದ.”