ಮರಿಗಳು ನನ್ನನ್ನು ಮರೆಯುವವರೆಗೆ

ಕೊಪ್ಪದ ಹತ್ತಿರ ಜಯಮ್ಮನವರ ಕೋಳಿ ಶೆಡ್ಡು. ಉಸಿರಾಟದ ರೋಗ ಬಾರದಿರಲೆಂದು ಎಳೆಮರಿಗಳ ಕಣ್ಣಿಗೆ ಹೊಸ ಜೀವಂತ ಲಸಿಕೆ ಹಾಕಿ ಐದು ದಿನವಾಗಿತ್ತು. ಅದರಿಂದ ಏನಾದರೂ ತೊಂದರೆಯಾಗಿದೆಯೇ ಎಂದು ನೋಡುವುದು ಪಶುವೈದ್ಯನಾದ ನನ್ನ ಕೆಲಸ; ತೊಂದರೆಯಾಗಿದ್ದರೆ ಮರಿಗಳು ಸೀನುತ್ತವೆ. ಒಂದು ಸುತ್ತು ಹಾಕಿ 'ಸೀನು ಇಲ್ಲ' ಎಂದು ಬರೆದುಕೊಂಡೆ.

"ಅಂಗೆ ಬರೀಬ್ಯಾಡಿ ಸ್ವಾಮಿ," ಎಂದರು ಜಯಮ್ಮ. "ನಿಮ್ಮ ಬೂಟಿನ ಸದ್ದಿಗೆ ಎದ್ರಿಕಂಡವೆ. ಸುಮ್ನೆ ಕುಂತ್ಕಳಿ, ನಿಮ್ಮನ್ನ ಮರೀಲಿ."

ಫ್ಯಾನು ನಿಲ್ಲಿಸಿ ಇಬ್ಬರೂ ಕೂತೆವು. ಸ್ವಲ್ಪ ಹೊತ್ತಿಗೆ ಮೂಲೆಯಿಂದ ಒಂದು ಸೀನು, ಆಮೇಲೆ ಇನ್ನೊಂದು. ನಾಚಿಕೆಯಾಗಿ 'ಇಲ್ಲ' ಎಂಬುದನ್ನು ಹೊಡೆದುಹಾಕಿದೆ.

"ಸಾಯ್ತವಾ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲಮ್ಮ, ಇಷ್ಟೇ ಆದರೆ ಸೀನು ವಾರದಲ್ಲಿ ನಿಂತುಹೋಗಬೇಕು," ಎಂದೆ, ಪೂರ್ತಿ ಧೈರ್ಯವಿಲ್ಲದೆ.

ಮುಂದಿನ ವಾರ ಹೋಗಿ ಅರ್ಧ ಗಂಟೆ ಕೂತು ಕೇಳಿದೆ. ಒಂದೂ ಸೀನಲಿಲ್ಲ, ಒಂದೂ ಸತ್ತಿರಲಿಲ್ಲ. ವರದಿಯಲ್ಲಿ 'ಪರೀಕ್ಷಿಸಿದವರು' ಎಂಬಲ್ಲಿ ಒಂದೇ ಹೆಸರಿಗೆ ಜಾಗವಿತ್ತು, ನನ್ನದನ್ನೇ ಬರೆದೆ.