ನನ್ನನ್ನು ಬಿಟ್ಟು ಹೊರಟ ಮದುವೆ ಕಾರು

ಬಾಯಿಬಡುಕಿ ಎಂದು ನನಗೆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಜಕ್ಕೂರಿನ ಕಡೆಯ ದ್ರಾಕ್ಷಿ ತೋಟದ ಮನೆಗೆ ನಾನು ಹಿರಿಸೊಸೆ. ಎರಡು ಜಡೆ ಸೇರಿದರೆ ಜಗಳ ಎನ್ನುತ್ತಾರಲ್ಲ, ಮೈದುನನ ಹೆಂಡತಿ ಬಂದ ಮೇಲೆ ಆ ಜಗಳವನ್ನೂ ನಾನೊಬ್ಬಳೇ ಆಡಬೇಕಾಯಿತು. ನನ್ನ ವಾರಗಿತ್ತಿ ತಿರುಗಿ ಒಂದು ಮಾತಾಡಿದವಳಲ್ಲ. ನಾನು ಉಂಡ ಮೇಲೆ ಉಣ್ಣುವಳು, ಬಸ್ಸು ಹತ್ತುವಾಗಲೂ "ನೀವು ಮೊದ್ಲು ಅಕ್ಕ" ಎಂದು ಹಿಂದೆ ನಿಲ್ಲುವಳು. ಹಿರಿಯರಿಗೆ ಮರ್ಯಾದೆ ಕೊಡುವುದೆಂದರೆ ನಮ್ಮ ಕಡೆ ಹಾಗೆಯೇ. ನನಗೂ ಅದು ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ.

ಎಂಬತ್ತರ ದಶಕದ ಆರಂಭ. ಆರ್.ಟಿ. ನಗರದ ನೆಂಟರ ಮನೆಯಲ್ಲಿ ಸೀಮಂತವಿತ್ತು. ದ್ರಾಕ್ಷಿ ಪೆಟ್ಟಿಗೆ ತುಂಬಿಕೊಂಡು ಮಾರ್ಕೆಟ್ಟಿಗೆ ಹೊರಟಿದ್ದ ನಮ್ಮೂರ ಟೆಂಪೋವನ್ನು ನಾವಿಬ್ಬರೂ ಹತ್ತಿಕೊಂಡೆವು. ಹೆಬ್ಬಾಳ ಕೆರೆಯ ಹತ್ತಿರ ಎಮ್ಮೆಯೊಂದು ರಸ್ತೆಗೆ ನುಗ್ಗಿತು. ಅದನ್ನು ತಪ್ಪಿಸಲು ಹೋಗಿ ಡ್ರೈವರು ಟೆಂಪೋವನ್ನು ಪಕ್ಕದ ಹಳ್ಳಕ್ಕೆ ಉರುಳಿಸಿದ. ಎಮ್ಮೆಗೆ ಏನೂ ಆಗಲಿಲ್ಲ.

ಕಣ್ಣು ಬಿಟ್ಟಾಗ ನನ್ನ ಬಲಗಾಲು ಟೆಂಪೋದ ಅಡಿಗೆ ಸಿಕ್ಕಿತ್ತು. ಹಣೆ ಒಡೆದು ಮುಖವೆಲ್ಲ ರಕ್ತ. ನಾನು ಕೂಗಿದ ಕೂಗಿಗೆ ಜನ ಸೇರಿದರು. "ಮುಟ್ಬೇಡ್ರೋ, ಪೊಲೀಸ್ ಕೇಸಾಗುತ್ತೆ" ಎಂದ ಒಬ್ಬ. ಇನ್ನೊಬ್ಬ ಗೋಲಿ ಸೋಡಾ ಹಿಡಿದು ಓಡಿಬಂದ. ವಾರಗಿತ್ತಿಯ ಮೈಮೇಲೆ ಒಂದು ಗೀರೂ ಕಾಣಲಿಲ್ಲ. ಪೆಟ್ಟಿಗೆಗಳ ನಡುವಿನಿಂದ ತಾನೇ ತೆವಳಿಕೊಂಡು ಬಂದು ನನ್ನ ಕೈ ಹಿಡಿದು ಕೂತಳು. "ನಂಗೇನೂ ಆಗಿಲ್ಲ, ನಮ್ಮಕ್ಕನ್ನ ನೋಡ್ರಪ್ಪಾ" ಎನ್ನುತ್ತಿದ್ದಳು.

ಅಷ್ಟರಲ್ಲಿ ಯಲಹಂಕದ ಕಡೆ ಹೊರಟಿದ್ದ ಮುಸ್ಲಿಮರ ಮದುವೆ ದಿಬ್ಬಣವೊಂದು ಬಂದು ನಿಂತಿತು. ಮುಂದೆ ಮಲ್ಲಿಗೆ ಸುತ್ತಿದ ಅಂಬಾಸಿಡರ್, ಹಿಂದೆ ಒಂದು ವ್ಯಾನು. ಕಾರಿನಿಂದ ಮದುಮಗನ ಅಕ್ಕ ಜರಿ ಸೀರೆಯಲ್ಲೇ ಹಳ್ಳಕ್ಕಿಳಿದಳು. "ನಾನು ಆಸ್ಪತ್ರೆ ನರ್ಸು, ಜಾಗ ಬಿಡ್ರೀ. ಸೋಡಾ ಗೀಡಾ ಏನೂ ಕೊಡ್ಬೇಡಿ" ಎಂದು ಗದರಿದಳು. ಅಬ್ಬಾ, ನನಗೆ ಸರಿಸಮ ಬಾಯಿ! ಯಾರದೋ ಟವೆಲು ಕಿತ್ತುಕೊಂಡು ನನ್ನ ಹಣೆಗೆ ಬಿಗಿಯಾಗಿ ಕಟ್ಟಿದಳು. ಲಾರಿ ಡ್ರೈವರೊಬ್ಬ ಜಾಕು ತಂದ. ಆದರೆ ಕೆಸರಿನಲ್ಲಿ ಜಾಕು ಹೂತುಹೋಗುತ್ತಿತ್ತು. ಕೆಳಗೆ ಹಲಗೆ ಇಟ್ಟು ನಿಧಾನಕ್ಕೆ ಎತ್ತದಿದ್ದರೆ ಟೆಂಪೋ ಜಾರಿ ನನ್ನ ಮೇಲೇ ಬರುವ ಹಾಗಿತ್ತು.

ಆಗ ನರ್ಸಿನ ಕಣ್ಣು ವಾರಗಿತ್ತಿಯ ಮೇಲೆ ಬಿತ್ತು. ನಾಡಿ ಹಿಡಿದಳು. ಹೊಟ್ಟೆ ಮುಟ್ಟಿದಳು, ಇವಳು ಹಲ್ಲು ಕಚ್ಚಿದಳು. ಮುಖ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಇಷ್ಟು ಹೊತ್ತೂ ಅದನ್ನು ಯಾರೂ ಗಮನಿಸಿರಲಿಲ್ಲ.

"ಇವರು ಈಗ್ಲೇ ಹೊರಡ್ಬೇಕು" ಎಂದಳು ನರ್ಸು.

"ಅಕ್ಕನ್ ಬಿಟ್ಟು ನಾನ್ ಬರಾಕಿಲ್ಲ" ಎಂದು ಇವಳು ಹಟ ಹಿಡಿದಳು. ಮುರಿದ ಕೈ ಹಿಡಿದುಕೊಂಡು ನಿಂತಿದ್ದ ನಮ್ಮೂರ ಡ್ರೈವರೂ ದನಿಗೂಡಿಸಿದ. "ದೊಡ್ಡಕ್ಕನ್ನ ಬಿಟ್ಟು ಚಿಕ್ಕೋರ್ನ ಕಳ್ಸೋದು ಎಂಗೆ ಮೇಡಂ? ಇಬ್ರನ್ನೂ ಒಟ್ಗೆ ಕಳ್ಸಾನ ಇರಿ." ಸುತ್ತಲಿದ್ದವರೆಲ್ಲ ಹೌದು ಹೌದು ಎಂದರು.

ನರ್ಸು ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು. "ಹೊಟ್ಟೆ ಒಳ್ಗೆ ರಕ್ತ ಸೋರ್ತಿದೆ ಅನ್ಸುತ್ತೆ. ನಿಮಗೋಸ್ಕರ ಕಾದ್ರೆ ಅವರು ಉಳಿಯಲ್ಲ. ನೀವು ಕೂಗ್ತಿದ್ದೀರಿ ಅಂದ್ರೆ ನಿಮಗೆ ಟೈಮಿದೆ. ನೀವೇ ಹೇಳಿ, ನಿಮ್ಮ ಮಾತು ಕೇಳ್ತಾರೆ."

ಆ ಕೆಸರಿನಲ್ಲಿ ನನಗೆ ಗೊತ್ತಿದ್ದ ಹೆಣ್ಣುಜೀವ ಅವಳೊಬ್ಬಳೇ. ಅವಳ ಕೈ ಬಿಡಲು ನನಗೆ ಭಯ. ಕೊನೆಗೆ ಕೈ ಕೊಡವಿ, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಬೈದೆ. "ಇಲ್ಲಿ ಕೂತ್ಕಂಡು ಏನ್ ಕಡ್ದು ಗುಡ್ಡೆ ಆಕ್ತೀಯೇ? ಎದ್ದೋಗು! ಹಿರೇಳು ಯೋಳ್ತಾ ಇವ್ನಿ, ಓಗೇ ಮುಂಡೇದೇ!"

ಮುತ್ತೈದೆಗೆ ಆಡಬಾರದ ಮಾತು ಅದು. ಅವಳು ಕಣ್ಣು ತುಂಬಿಕೊಂಡು ನನ್ನನ್ನೇ ನೋಡಿದಳು, ಆದರೆ ಎದ್ದಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಕುಸಿದಳು. ಮದುಮಗನೇ ಮುಖದ ಮೇಲಿನ ಹೂವಿನ ಪರದೆ ಸರಿಸಿ, ಬಂದು ಅವಳನ್ನು ಎತ್ತಿ ಕಾರಿನಲ್ಲಿ ಮಲಗಿಸಿದ. ತಾನು ವ್ಯಾನಿಗೆ ಹೋದ. ದಿಬ್ಬಣದವರಲ್ಲಿ ಒಬ್ಬರೂ ಅಪಶಕುನ ಎನ್ನಲಿಲ್ಲ. ನರ್ಸು ಹತ್ತಿದಳು, ಮಲ್ಲಿಗೆಯ ಕಾರು ಆಸ್ಪತ್ರೆಯ ಕಡೆ ತಿರುಗಿತು.

ಲಾರಿ ಡ್ರೈವರು ದ್ರಾಕ್ಷಿ ಪೆಟ್ಟಿಗೆ ಒಡೆದು ಹಲಗೆ ಹಾಸಿ, ಜಾಕು ಏರಿಸಿ, ನನ್ನ ಕಾಲು ಬಿಡಿಸಿದ. ತನ್ನ ಲಾರಿಯಲ್ಲೇ ನನ್ನನ್ನು ಮಲಗಿಸಿಕೊಂಡು ಅದೇ ಆಸ್ಪತ್ರೆಗೆ ಹೋದ. ದಾರಿಯುದ್ದಕ್ಕೂ ನನಗೆ ಕಾಲಿನ ನೋವಿಗಿಂತ ಆ ಮಾತೇ ಚುಚ್ಚುತ್ತಿತ್ತು. ಅವಳಿಗೆ ನಾನಾಡಿದ ಕೊನೆಯ ಮಾತು ಅದೇ ಆಗಿಬಿಟ್ಟರೆ? ದೇವರೇ, ಅದೊಂದು ಬೇಡ ಎಂದು ಅತ್ತೆ.

ಕಾಲಿಗೆ ಕಟ್ಟು ಹಾಕಿ ಮಲಗಿಸಿದ ಮೇಲೆ ನರ್ಸು ಬಂದಳು. ಜರಿ ಸೀರೆಯ ತುಂಬ ಕಲೆ. "ಆಪರೇಷನ್ ಆಯ್ತು. ಉಳ್ಕೋತಾರೆ" ಎಂದಳು. ಅವಳ ತಮ್ಮನ ನಿಕಾಹ್ ಏನಾಯಿತೆಂದು ಕೇಳಿದೆ. "ಮುಗಿದಿರುತ್ತೆ ಬಿಡಿ, ಊಟಕ್ಕಾದ್ರೂ ಸಿಕ್ತೀನಿ" ಎಂದು ನಕ್ಕು ಹೊರಟಳು. ಆ ತಾಯಿಯ ಹೊಟ್ಟೆ ತಣ್ಣಗಿರಲಿ. ನನ್ನನ್ನು ಬಿಟ್ಟುಹೋದದ್ದಕ್ಕೆ ನಾನು ಕೈಮುಗಿಯುವುದು ಅವಳೊಬ್ಬಳಿಗೇ.

ಕೆಲವು ದಿನಗಳ ಮೇಲೆ ನನ್ನನ್ನು ಗಾಲಿ ಕುರ್ಚಿಯಲ್ಲಿ ವಾರಗಿತ್ತಿಯ ಮಂಚದ ಬಳಿಗೆ ಕರೆದೊಯ್ದರು. ಅವಳು ಮುಖ ಆ ಕಡೆ ತಿರುಗಿಸಿಕೊಂಡಳು.

"ಅಷ್ಟು ಜನದ ಮುಂದೆ ಆ ಮಾತು ಅಂದ್ಬಿಟ್ರಲ್ಲಕ್ಕ" ಎಂದಳು.

ನಮ್ಮ ಮನೆಗೆ ಬಂದ ಮೇಲೆ ಅವಳು ನನಗೆ ತಿರುಗಿ ಹೇಳಿದ ಮೊದಲ ಮಾತು ಅದು. ಇನ್ನೊಮ್ಮೆ ಹೇಳೇ, ಇನ್ನೂ ಜೋರಾಗಿ ಹೇಳೇ ಎಂದು ಅವಳ ಕೈ ಹಿಡಿದುಕೊಂಡು ಗೋಗರೆದೆ.