ಮೇಜಿನಮ್ಮನವರು ಮತ್ತು ಹನ್ನೆರಡನೆಯ ಖಂಡ

ಸಂಸತ್ತಿನ ಕಲಾಪವನ್ನು ನಿಯಮದ ಹಳಿ ತಪ್ಪದಂತೆ ನಡೆಸಿಕೊಂಡು ಹೋಗುವ ವಿದ್ಯೆಗೆ ವಿದ್ವಾಂಸರು ಏನು ಹೆಸರಿಟ್ಟಿದ್ದಾರೋ ತಿಳಿಯದು. ನಮ್ಮ ಕಚೇರಿಯಲ್ಲಿ ಅದನ್ನು ‘ಮೇಜಿನ ಕೆಲಸ’ ಎನ್ನುತ್ತೇವೆ. ಸಭಾಧ್ಯಕ್ಷರ ಪೀಠದ ಕೆಳಗೆ, ಎರಡೂ ಕಡೆಯ ಕೂಗು ಬಂದು ಡಿಕ್ಕಿ ಹೊಡೆಯುವ ಜಾಗದಲ್ಲಿ, ಉದ್ದನೆಯ ಮೇಜಿನ ಮುಂದೆ ಕುಳಿತು, ಈಗ ಯಾವ ಪ್ರಶ್ನೆ, ಯಾರ ಸರದಿ, ಯಾವ ತಿದ್ದುಪಡಿ ಮೊದಲು ಎಂಬುದನ್ನು ಪೀಠದ ಕಿವಿಗಷ್ಟೇ ಮುಟ್ಟುವಂತೆ ಹೇಳುವ ಆ ಕೆಲಸದಲ್ಲಿ, ಈಚೆಗೆ ನಿವೃತ್ತರಾದ ನಮ್ಮ ಕಾರ್ಯದರ್ಶಿಯವರಿಗೆ ಸರಿಸಾಟಿಯಾದವರನ್ನು ನಮ್ಮ ಪೀಳಿಗೆ ಕಂಡಿಲ್ಲ. ಸದಸ್ಯರು ಪಕ್ಷಭೇದ ಮರೆತು ಒಪ್ಪಿಕೊಂಡ ಸಂಗತಿಗಳು ಬಹಳವಿಲ್ಲ. ಅವರನ್ನು ‘ಮೇಜಿನಮ್ಮ’ ಎಂದು ಕರೆಯುವುದು ಅವುಗಳಲ್ಲಿ ಒಂದು. ಅಭಿನಂದನ ಸಮಿತಿಯವರು ಈ ಲೇಖನಕ್ಕೆ ‘ಕರ್ತವ್ಯನಿಷ್ಠೆ’ ಎಂಬ ವಿಷಯವನ್ನು ದಯಪಾಲಿಸಿದ್ದಾರೆ. ಕೊಟ್ಟ ಪುಣ್ಯಾತ್ಮರಿಗೆ ಬರೆಯುವವರ ಪಾಡು ಏನು ಗೊತ್ತು! ಆ ನಿಷ್ಠೆಯನ್ನು ಹೊಗಳಬೇಕೋ, ಅದರ ಮೇಲೆ ಸಿಟ್ಟಾಗಬೇಕೋ ಎಂಬುದು ಪಕ್ಕದ ಕುರ್ಚಿಗಳಲ್ಲಿ ಕುಳಿತು ಎಲ್ಲವನ್ನೂ ಕಣ್ಣಾರೆ ಕಂಡ ಸಹೋದ್ಯೋಗಿಗಳಿಗೇ ಇನ್ನೂ ಬಗೆಹರಿದಿಲ್ಲ.

ಮೇಜಿನಮ್ಮನವರು ಸೇವೆಗೆ ಸೇರಿದ್ದು ವರದಿ ವಿಭಾಗದ ಬೆರಳಚ್ಚುಗಾರ್ತಿಯಾಗಿ. ತಂದೆ ತೀರಿಕೊಂಡಿದ್ದರು, ತಾಯಿಯ ಜೊತೆ, ಇನ್ನೂ ಶಾಲೆಗೆ ಹೋಗುತ್ತಿದ್ದ ತಂಗಿಯ ಭಾರವೂ ಇವರ ಹೆಗಲಿಗೆ ಬಿದ್ದಿತ್ತು. ಹಗಲು ಸದನದ ಭಾಷಣಗಳನ್ನು ಟೈಪು ಮಾಡುತ್ತ, ಬಿಡುವಿನಲ್ಲಿ ನಿಯಮಾವಳಿಯನ್ನು ಓದುತ್ತ, ಇಲಾಖಾ ಪರೀಕ್ಷೆಗಳನ್ನು ಒಂದೊಂದಾಗಿ ದಾಟಿ, ಮದುವೆಯ ಮಾತು ಬಂದಾಗಲೆಲ್ಲ “ಮೊದಲು ತಂಗೀದು ಆಗ್ಲಿ” ಎಂದು ಮುಂದೂಡುತ್ತ ಮುಂದೂಡುತ್ತ, ಕೊನೆಗೆ ಆ ಮಾತನ್ನು ಎತ್ತುವವರೇ ಇಲ್ಲದ ಹೊತ್ತಿಗೆ ಅವರು ಮೇಜಿನ ಕುರ್ಚಿಗೆ ಬಂದಿದ್ದರು. ಊರಿನ ಹಳೆಯ ಬಡಾವಣೆಯಲ್ಲಿ ಮೂರನೆಯ ಮಹಡಿಯ ಒಂದು ಪುಟ್ಟ ಮನೆಯನ್ನು ಸ್ವಂತ ಮಾಡಿಕೊಂಡದ್ದೇ ಅವರ ಬದುಕಿನ ಏಕೈಕ ಐಷಾರಾಮ.

ಅವರ ಉಪಕಾರಗಳನ್ನು ಬರೆಯುತ್ತ ಹೋದರೆ ಈ ಸಂಪುಟ ಸಾಲದು. ಹೊಸದಾಗಿ ಆರಿಸಿ ಬಂದ ಸದಸ್ಯರೊಬ್ಬರು ಮೊದಲ ಭಾಷಣಕ್ಕೆ ಎದ್ದು, “ಮಾನ್ಯ ಸಭಾಧ್ಯಕ್ಷರೇ” ಎಂದವರೇ ನಾಲಿಗೆ ಒಣಗಿ ನಿಂತುಬಿಟ್ಟಾಗ, ಇಡೀ ಸದನ ನಗಲು ಬಾಯಿ ತೆರೆಯುವ ಮುನ್ನವೇ ಇವರು ಎದ್ದು ಪೀಠಕ್ಕೆ ಏನೋ ಪಿಸುಗುಟ್ಟಿದರು. ಸಭಾಧ್ಯಕ್ಷರು ಧ್ವನಿವರ್ಧಕ ಕೆಟ್ಟಿದೆಯೆಂದು ಸಾರಿ ಕಲಾಪವನ್ನು ಸ್ವಲ್ಪ ಹೊತ್ತು ನಿಲ್ಲಿಸಿದರು. ಧ್ವನಿವರ್ಧಕಕ್ಕೆ ಏನೂ ಆಗಿರಲಿಲ್ಲ. ಆ ಸದಸ್ಯರು ನೀರು ಕುಡಿದು, ಬೆವರು ಒರೆಸಿಕೊಂಡು, ಆಮೇಲೆ ಮಾತಾಡಿದ್ದೇ ಮಾತಾಡಿದ್ದು. ಅವರ ಬಾಯಿ ಮುಚ್ಚಿಸಲು ಇಂದಿಗೂ ಗಂಟೆ ಬಾರಿಸಬೇಕಾಗಿದೆ. ಪಾಪ, ಆ ಪಾಪವೂ ಮೇಜಿನಮ್ಮನವರ ತಲೆಯ ಮೇಲೆಯೇ ಇದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಇನ್ನು ನಿವೃತ್ತಿಗೆ ಮುನ್ನ ಅವರು ನಡೆಸಿಕೊಟ್ಟ ಕೊನೆಯ ದೊಡ್ಡ ಚರ್ಚೆಯ ಮಾತು. ಜಾಮೀನು, ಪೊಲೀಸು, ನ್ಯಾಯಾಲಯ ಇವುಗಳ ಸುಧಾರಣೆಗೆಂದು ಸರ್ಕಾರ ಮೂರು ವಿಧೇಯಕಗಳನ್ನು ತಂದು, ಮೂರನ್ನೂ ಒಟ್ಟಿಗೆ ಚರ್ಚಿಸಿ ಬೇರೆ ಬೇರೆ ಮತಕ್ಕೆ ಹಾಕಬೇಕೆಂದು ಹಟ ಹಿಡಿಯಿತು. ಅದರ ಫಲವೋ, ಅಯ್ಯೋ ರಾಮ, ಯಾರು ಯಾವುದರ ಮೇಲೆ ಮಾತಾಡುತ್ತಿದ್ದಾರೆಂದು ಮಾತಾಡುವವರಿಗೇ ತಿಳಿಯದಂತಾಯಿತು. ಒಬ್ಬರು ನ್ಯಾಯಾಲಯಗಳ ರಜೆಯನ್ನು ಖಂಡಿಸುತ್ತ ಪೊಲೀಸರಿಗೆ ರಜೆಯೇ ಇಲ್ಲವೆಂದು ಕಣ್ಣೀರಿಟ್ಟು, ಕುಳಿತ ಮೇಲೆ “ನಾನು ಪರವೋ ವಿರೋಧವೋ?” ಎಂದು ಪಕ್ಕದವರನ್ನು ಕೇಳಿದರು. ಈ ಗೊಂದಲವನ್ನು ಮುಂದಾಗಿಯೇ ಊಹಿಸಿ ಮೇಜಿನಮ್ಮನವರು ಜಾಮೀನು ವಿಧೇಯಕಕ್ಕೆ ನೀಲಿ, ಪೊಲೀಸ್ ವಿಧೇಯಕಕ್ಕೆ ಹಸಿರು, ನ್ಯಾಯಾಲಯದ್ದಕ್ಕೆ ಹಳದಿ ರಕ್ಷಾಪುಟ ಹಾಕಿಸಿದ್ದರು. ಆದರೆ ಟೀವಿಯವರು ಅದೇ ವಾರ ಸದನದ ಚಾವಣಿಗೆ ಹೊಸ ದೀಪಗಳನ್ನು ತೂಗುಹಾಕಿದ್ದರು. ಆ ಕೆಂಬೆಳಕಿನಲ್ಲಿ ನೀಲಿ ಯಾವುದು, ಹಸಿರು ಯಾವುದು, ಎರಡೂ ಒಂದೇ ಮಣ್ಣುಬಣ್ಣವಾಗಿ ಕಾಣುತ್ತಿದ್ದವು.

ಜಾಮೀನು ವಿಧೇಯಕದ ಹನ್ನೆರಡನೆಯ ಖಂಡದ ಮೇಲೆಯೇ ಎಲ್ಲರ ಕಣ್ಣು. ನ್ಯಾಯಾಲಯ ಜಾಮೀನು ಕೊಟ್ಟ ಮೇಲೂ, ಹೊಣೆ ನಿಲ್ಲುವವರು ಸಿಗದೆ ತಿಂಗಳುಗಟ್ಟಲೆ ಜೈಲಿನಲ್ಲೇ ಉಳಿದವರನ್ನು ಅವರ ಸ್ವಂತ ಮಾತಿನ ಮೇಲೆಯೇ ಬಿಟ್ಟುಬಿಡಬೇಕೆಂದು ಅದು ಹೇಳುತ್ತಿತ್ತು. ವಕೀಲಿಕೆ ಮಾಡಿ ಬಂದ ಸದಸ್ಯೆಯೊಬ್ಬರು, “ಹೋಗಪ್ಪಾ ಅಂತ ನಾವೇ ಹೇಳ್ತೀವಿ, ಬಾಗಿಲಿಗೆ ಬೀಗಾನೂ ನಾವೇ ಹಾಕಿರ್ತೀವಿ. ಇದ್ಯಾವ ಸೀಮೆ ನ್ಯಾಯ?” ಎಂದು ಗುಡುಗಿದರು. ಹಿಂದೆ ಪೊಲೀಸ್ ಅಧಿಕಾರಿಯಾಗಿದ್ದ ಮೀಸೆ ಸಾಹೇಬರು, “ಬರೀ ಮಾತಿನ ಮೇಲೆ ಬಿಟ್ರೆ ಒಬ್ಬನೂ ವಾಪಸ್ ಬರಲ್ಲ. ಬಿಸಿಲಲ್ಲಿ ಹುಡುಕಿಕೊಂಡು ಅಲೆಯೋದು ನನ್ನ ಹುಡುಗ್ರು, ನೀವಲ್ಲ” ಎಂದು ಮೇಜು ಗುದ್ದಿದರು. ಆ ಮಾತಿನಲ್ಲೂ ಹುರುಳಿಲ್ಲವೆನ್ನಲಾಗದು. ಕೊನೆಗೆ ಕಾನೂನು ಸಚಿವರು ಅಂಜಿ, ಆ ಖಂಡವನ್ನು ತಮ್ಮವರೇ ಬೀಳಿಸಲಿ ಎಂದು ಒಪ್ಪಿಕೊಂಡರು.

ಇದನ್ನೆಲ್ಲ ತಲೆತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ ಮೇಜಿನಮ್ಮನವರಿಗೆ ಆ ಖಂಡ ಯಾಕೆ ಬೇಕಾಗಿತ್ತೆಂಬುದು ನಮಗೆ ಗೊತ್ತಿತ್ತು. ಅವರ ತಂಗಿಯ ಒಬ್ಬನೇ ಮಗ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು, ಮುಷ್ಕರದ ದಿನ ಡಿಪೋದ ಗೇಟು ಮುರಿದ ಗುಂಪಿನಲ್ಲಿದ್ದನೆಂದು ಜೈಲು ಸೇರಿದ್ದ. ನ್ಯಾಯಾಧೀಶರು ಜಾಮೀನು ಕೊಟ್ಟಾಗಿತ್ತು. ಊರಿನಲ್ಲಿ ಸ್ವಂತ ಮನೆಯಿರುವ ಒಬ್ಬರು ಹೊಣೆ ನಿಲ್ಲಬೇಕೆಂದಿದ್ದರು. ತಂಗಿಯದು ಬಾಡಿಗೆಯ ಹೊಲಿಗೆ ಅಂಗಡಿ, ಹಿಂದೆಯೇ ಬಾಡಿಗೆಯ ಕೋಣೆ. ಗಂಡ ತೀರಿ ಎಷ್ಟೋ ಕಾಲವಾಗಿತ್ತು, ಅಕ್ಕಪಕ್ಕದವರೆಲ್ಲ ಬಾಡಿಗೆಯವರೇ, ಮನೆಯಿದ್ದ ಗಿರಾಕಿಗಳು ಪೊಲೀಸು ಎಂದೊಡನೆ ಅಂಗಡಿಗೆ ಬರುವುದನ್ನೇ ಬಿಟ್ಟರು. ಸ್ವಂತ ಮನೆಯಿದ್ದದ್ದು ಅಕ್ಕನಿಗೆ. ಸದನದ ಅಧಿಕಾರಿಗಳು ಯಾವ ನ್ಯಾಯಾಲಯದಲ್ಲಿಯೂ ಯಾರಿಗಾಗಿಯೂ ಹೊಣೆ ನಿಲ್ಲಕೂಡದೆಂಬ ಸೇವಾನಿಯಮವಿದ್ದದ್ದೂ ಅಕ್ಕನಿಗೇ. ವಿನಾಯಿತಿ ಕೇಳಿದರು, ಆಡಳಿತ ಶಾಖೆ ಕಾನೂನು ಶಾಖೆಯನ್ನು ಕೇಳಿತು, ಕಾನೂನು ಶಾಖೆ ಆಡಳಿತ ಶಾಖೆಯನ್ನು ಕೇಳಿತು, ಇಬ್ಬರೂ ಸೇರಿ ಸಭಾಧ್ಯಕ್ಷರನ್ನು ಕೇಳಿದರು, ಸಭಾಧ್ಯಕ್ಷರು ಮೇಜಿನಮ್ಮನವರನ್ನೇ ಕರೆಸಿ “ಇದಕ್ಕೆ ನಿಯಮ ಏನು ಹೇಳುತ್ತಮ್ಮ?” ಎಂದರು. ಆಗದು ಎಂದು ಹೇಳುತ್ತದೆ ಎಂದು ಇವರೇ ಹೇಳಿ ಬಂದರು. ಇನ್ನು ಉಳಿದದ್ದು ಆ ಹನ್ನೆರಡನೆಯ ಖಂಡವೊಂದೇ.

ಮತದಾನದ ಮಧ್ಯಾಹ್ನ ಪೊಲೀಸ್ ವಿಧೇಯಕ ಮೊದಲು ಬಂತು. ಅದರ ಹನ್ನೆರಡನೆಯ ಖಂಡ ನಿರುಪದ್ರವಿ. ಪೇದೆಗಳು ಸಮವಸ್ತ್ರದ ಮೇಲೆ ಹೆಸರಿನ ಪಟ್ಟಿ ಧರಿಸಬೇಕೆಂಬುದು. ಯಾರಿಗೂ ತಕರಾರಿರಲಿಲ್ಲ, ಹಾಗಾಗಿ ಯಾರಿಗೂ ಗಮನವೂ ಇರಲಿಲ್ಲ. ಹನ್ನೊಂದನೆಯದು ಮುಗಿದಾಗ ಸಭಾಧ್ಯಕ್ಷರು ಕೈಯಲ್ಲಿದ್ದ ಹೊತ್ತಗೆಯನ್ನು ಕೆಳಗಿಟ್ಟು, ನೀರು ಕುಡಿದು, ಪಕ್ಕದಲ್ಲಿದ್ದ ಇನ್ನೊಂದನ್ನು ಎತ್ತಿಕೊಂಡು, ಅದೇ ರಾಗದಲ್ಲಿ, “ಜಾಮೀನು ವಿಧೇಯಕದ ಹನ್ನೆರಡನೆಯ ಖಂಡವು ವಿಧೇಯಕದ ಭಾಗವಾಗಿರಬೇಕೆಂಬುದು ಪ್ರಶ್ನೆ” ಎಂದು ಓದಿಬಿಟ್ಟರು. ಸದನದ ಕಿವಿಗೆ ಬಿದ್ದದ್ದು ಹನ್ನೆರಡು ಎಂಬುದಷ್ಟೇ. ಎಲ್ಲರೂ “ಹೌದು” ಎಂದರು. ಸಚಿವರು ಹೌದೆಂದರು, ಮೀಸೆ ಸಾಹೇಬರು ಎಲ್ಲರಿಗಿಂತ ಗಟ್ಟಿಯಾಗಿ ಹೌದೆಂದರು. “ಅಂಗೀಕಾರವಾಯಿತು” ಎಂದರು ಸಭಾಧ್ಯಕ್ಷರು.

ಪೀಠದಿಂದ ಆದ ತಪ್ಪನ್ನು ಮುಂದಿನ ಪ್ರಶ್ನೆ ಕೇಳುವುದರೊಳಗೆ ಮೇಜಿನಿಂದ ಎಚ್ಚರಿಸಿದರೆ ಸರಿಪಡಿಸಬಹುದು. ಮುಂದಿನ ಪ್ರಶ್ನೆ ಬಂದರೆ ಆದದ್ದು ಆಯಿತು, ಅದೇ ಸದನದ ತೀರ್ಮಾನ. ಇದು ನಮ್ಮಲ್ಲಿ ತಲೆತಲಾಂತರದ ಪದ್ಧತಿ. ಎಂದರೆ ಮೇಜಿನಮ್ಮನವರು ಏನನ್ನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ತಂಗಿಯ ಮಗ ಮನೆಗೆ ಬರುತ್ತಿದ್ದ. ಅವನಂಥ ಇನ್ನೆಷ್ಟೋ ಜನ ಬರುತ್ತಿದ್ದರು. ತಪ್ಪು ಇವರದಲ್ಲ, ದೀಪದ್ದು. ಅವರು ಎರಡೂ ಕೈಗಳಿಂದ ಮೇಜಿನ ಅಂಚನ್ನು ಹಿಡಿದುಕೊಂಡದ್ದನ್ನು ನಾವು ನೋಡಿದೆವು. ನೋಡಿದ ಮರುಕ್ಷಣ ಅವರು ಪೀಠದ ಕಡೆ ತಿರುಗಿ ನಿಂತಿದ್ದರು. ಯೋಚಿಸಿ ಎದ್ದದ್ದೇ ಎಂದು ಆಮೇಲೆ ಕೇಳಿದರೆ, “ಇಲ್ಲಾ ಕಣ್ರೀ, ಕೂತ್ಕೋಬೇಕು ಅಂತಾನೇ ಇದ್ದೆ. ಕಾಲು ಎದ್ದುಬಿಡ್ತು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ” ಎಂದರು.

“ಸಾರ್, ನೀವು ಕೇಳಿದ್ದು ಜಾಮೀನು ವಿಧೇಯಕದ್ದು.”

“ಯಾವುದಾದ್ರೇನಮ್ಮ, ಎರಡೂ ಹನ್ನೆರಡೇ ತಾನೆ? ಮುಂದಕ್ಕೆ ಹೋಗೋಣ ಬಿಡಿ” ಎಂದರು ಸಭಾಧ್ಯಕ್ಷರು. ದೇವರೇ ಬಾಗಿಲು ತೆರೆದು ಕೊಟ್ಟಂತಿತ್ತು.

“ಇಲ್ಲ ಸಾರ್, ಮತ್ತೆ ಕೇಳ್ಬೇಕು. ಇವರು ಇದನ್ನ ಬೇಡ ಅನ್ನೋಕೆ ಕಾಯ್ತಿರೋರು.”

ಮತ್ತೆ ಕೇಳಿದರು. ಖಂಡ ಬಿತ್ತು. ಮೀಸೆ ಸಾಹೇಬರು ಮೇಜಿನ ಬಳಿ ಬಂದು ಕೈಮುಗಿದು, “ಮಾನ ಉಳಿಸಿದ್ರಿ ತಾಯಿ” ಎಂದರು. ವಕೀಲೆಯವರು ಬಂದು ತಮ್ಮ ಜಾಮೀನು ವಿಧೇಯಕದ ಪ್ರತಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಯಾರ ನಮಸ್ಕಾರವನ್ನು ಒಪ್ಪಿಸಿಕೊಳ್ಳಬೇಕು, ಯಾರ ಮುಖವನ್ನು ತಪ್ಪಿಸಬೇಕು ಎಂಬುದೇ ಆ ಮಧ್ಯಾಹ್ನ ಅವರಿಗೆ ತೋಚದಂತಾಗಿತ್ತು.

ಸಂಜೆ ಅವರು ತಂಗಿಯ ಅಂಗಡಿಗೆ ಹೋದರು. ತಂಗಿ ಹೊಲಿಗೆ ನಿಲ್ಲಿಸಲಿಲ್ಲ.

“ಟೀವೀಲಿ ನೋಡ್ದೆ. ಆಗೋಗಿತ್ತಲ್ಲಕ್ಕಾ? ನಿನ್ನನ್ನ ಯಾರಾದ್ರೂ ಕೇಳಿದ್ರಾ?”

“ಯಾರೂ ಕೇಳ್ಲಿಲ್ಲ.”

“ನನಗೋಸ್ಕರ ಮದುವೇನೇ ಬಿಟ್ಟೋಳು ನೀನು. ಒಂದು ನಿಮಿಷ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ?”

ಮೇಜಿನಮ್ಮನವರು ಉತ್ತರಕ್ಕೆ ತಡಕಾಡಿದರು. ಸರಿ ಮಾಡಿದೆ ಎನ್ನಲು ಬಾಯಿ ಬರಲಿಲ್ಲ, ತಪ್ಪು ಮಾಡಿದೆ ಎನ್ನಲು ಮನಸ್ಸು ಬರಲಿಲ್ಲ. “ಗೊತ್ತಿಲ್ಲ ಕಣೇ” ಎಂದರು. ತಂಗಿ ಅಂದಿನಿಂದ ಅಕ್ಕನೊಡನೆ ಮಾತು ಬಿಟ್ಟಳು. ಕಚೇರಿಯಲ್ಲಿ ಇವರು ಎಂದಿನಂತೆ ಎಲ್ಲರಿಗಿಂತ ಮೊದಲು ಬಂದರು. ಊಟದ ಡಬ್ಬಿಯನ್ನು ಮಾತ್ರ ತೆರೆಯದೆ ಮನೆಗೆ ಒಯ್ಯುತ್ತಿದ್ದರು. ನಾವು ಕಂಡೂ ಕಾಣದಂತಿದ್ದೆವು. ಏನೆಂದು ಸಮಾಧಾನ ಹೇಳುವುದು? ನಮ್ಮಲ್ಲಿ ಅರ್ಧ ಜನ ಅವರನ್ನು ದೇವತೆ ಎನ್ನುತ್ತಿದ್ದರು, ಇನ್ನರ್ಧ ಜನ ಕಲ್ಲುಹೃದಯದವರು ಎನ್ನುತ್ತಿದ್ದರು, ಬೆಳಿಗ್ಗೆ ಒಂದು ಗುಂಪಿನಲ್ಲಿದ್ದವರು ಸಂಜೆಗೆ ಇನ್ನೊಂದರಲ್ಲಿ ಇರುತ್ತಿದ್ದರು.

ಕೆಲವು ವಾರಗಳಲ್ಲಿ ಅವರ ನಿವೃತ್ತಿಯ ದಿನ ಬಂತು. ಮರುದಿನ ಬೆಳಿಗ್ಗೆಯೇ ಸನ್ಮಾನವಿಟ್ಟುಕೊಳ್ಳೋಣವೆಂದರೆ, “ಬೆಳಿಗ್ಗೆ ಕೆಲಸ ಇದೆ” ಎಂದರು. ನಿವೃತ್ತರಿಗೆ ಏನು ಕೆಲಸವೆಂದು ನಾವು ಮುಖ ಮುಖ ನೋಡಿಕೊಂಡೆವು. ಮರುದಿನ ನ್ಯಾಯಾಲಯದ ಬಾಗಿಲು ತೆರೆಯುವಾಗ ಅವರು ಮನೆಯ ಪತ್ರಗಳ ಚೀಲವನ್ನು ತಬ್ಬಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು. ಸೇವಾನಿಯಮ ಈಗ ಅವರನ್ನು ಕಟ್ಟಿಹಾಕಿರಲಿಲ್ಲ. ಗುಮಾಸ್ತರು ಅಲ್ಲಿಗೆ ಹೋಗಿ ಎಂದರು, ಅಲ್ಲಿಯವರು ಇಲ್ಲಿಗೆ ಬನ್ನಿ ಎಂದರು. ಊಟದ ಹೊತ್ತು ಕಳೆದ ಮೇಲೆ ಹೊಣೆಪತ್ರಕ್ಕೆ ಇವರ ರುಜು ಹಾಕಿಸಿಕೊಂಡರು.

ಜೈಲಿನ ಗೇಟಿನ ಬಳಿ ತಂಗಿ ಮೊದಲೇ ಬಂದು ನಿಂತಿದ್ದಳು. ಅಕ್ಕತಂಗಿಯರ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವಿತ್ತು. ಹುಡುಗ ಹೊರಬಂದು ತಾಯಿಯನ್ನು ತಬ್ಬಿಕೊಂಡ. ಆಮೇಲೆ ಇವರ ಕಡೆ ತಿರುಗಿದ.

“ಒಳಗೂ ಟೀವಿ ಇದೆ ದೊಡ್ಡಮ್ಮ. ಆವತ್ತು ‘ಅಂಗೀಕಾರ’ ಅಂದಾಗ ಬ್ಯಾರಕ್ಕೆಲ್ಲ ಕುಣಿದಾಡಿಬಿಟ್ವಿ. ಆಮೇಲೆ ನೀನು ಎದ್ದೆ. ಎಲ್ರೂ ಬೈದ್ರು. ನಾನೂ ಬೈದೆ.”

ಮೇಜಿನಮ್ಮನವರು ಅಲ್ಲೇ, ರಸ್ತೆಯಲ್ಲೇ, ಅತ್ತರು. ಅಷ್ಟು ವರ್ಷಗಳಲ್ಲಿ ಅವರು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ತಂಗಿ ಆ ನಡುವಿನ ಜಾಗವನ್ನು ದಾಟಿ ಬಂದು ಅಕ್ಕನ ಕೈ ಹಿಡಿದುಕೊಂಡಳು. ಹುಡುಗ ಜೈಲಿನ ಗೇಟಿನ ಕಡೆ ಒಮ್ಮೆ ತಿರುಗಿ ನೋಡಿ, “ನನ್ನ ಪಕ್ಕದಲ್ಲಿ ಮಲಗೋ ತಾತ ಒಬ್ಬರಿದ್ದಾರೆ. ಅವರಿಗೂ ಜಾಮೀನು ಆಗಿದೆ, ಶ್ಯೂರಿಟಿ ನಿಲ್ಲೋರು ಯಾರೂ ಇಲ್ಲ. ನಾಳೆ ಬರ್ತೀಯಾ ದೊಡ್ಡಮ್ಮ?” ಎಂದ.

“ಬರ್ತೀನಿ” ಎಂದರು ಮೇಜಿನಮ್ಮನವರು. ಈ ಉತ್ತರಕ್ಕೆ ಮಾತ್ರ ಅವರು ತಡಕಾಡಲಿಲ್ಲ.

ಆದ್ದರಿಂದ, ಈ ಸಂಪುಟವನ್ನು ಅವರ ಕೈಗಿಡುವ ಸಮಾರಂಭ ನ್ಯಾಯಾಲಯದ ವೇಳೆ ಮುಗಿದ ಮೇಲೆ ನಡೆಯಲಿದೆಯೆಂಬುದನ್ನು ಓದುಗರು ಗಮನಿಸಬೇಕು. ಅಂದು ಅವರು ಮಾಡಿದ್ದು ಸರಿಯೇ ಎಂದು ಕೇಳಿದರೆ ನಮ್ಮಲ್ಲಿ ಇನ್ನೂ ಉತ್ತರವಿಲ್ಲ, ಸಮಿತಿಯವರು ಕ್ಷಮಿಸಬೇಕು. ಒಬ್ಬರು ಏಕಕಾಲಕ್ಕೆ ಇಬ್ಬರಿಗಿಂತ ಹೆಚ್ಚು ಜನರಿಗೆ ಹೊಣೆ ನಿಲ್ಲುವಂತಿಲ್ಲವೆಂದು ನ್ಯಾಯಾಲಯ ಹೇಳಿದೆ. ಒಬ್ಬರ ಮೊಕದ್ದಮೆ ಮುಗಿದರೆ ಮಾತ್ರ ಇನ್ನೊಬ್ಬರ ಸರದಿ. ಆ ಬ್ಯಾರಕ್ಕು ತುಂಬಿದೆ, ಮೊಕದ್ದಮೆಗಳು ಮುಗಿಯುವ ವೇಗ ಎಲ್ಲರಿಗೂ ಗೊತ್ತಿರುವುದೇ. ಹೀಗಿರುವಾಗ ನಮ್ಮ ಮೇಜಿನಮ್ಮನವರಿಗೆ ದೀರ್ಘಾಯುಸ್ಸನ್ನು ಕೋರುವುದು ಬರಿಯ ಶಿಷ್ಟಾಚಾರವಲ್ಲ. ಒಳಗೆ ಕುಳಿತವರೂ ಅದನ್ನೇ ಕೋರುತ್ತಿದ್ದಾರೆ.